ನೀಲಿ ತಟ್ಟೆಯ ಮಸುಕು

೧

ಇದು ಬೆಳೆದದ್ದೋ, ಬರೀ ಮಸುಕೋ? ಮುಚ್ಚಳದಲ್ಲಿ ಕೂತ ಆವಿ ಇರಬಹುದಲ್ಲ? ಮುಚ್ಚಳ ತೆಗೆದು ನೋಡಿಯಾಯಿತು, ಆವಿಯಲ್ಲ. ಕನ್ನಡಕದ ಮೇಲಿನ ಧೂಳು? ಅದನ್ನೂ ಅಂಗಿಯ ತುದಿಯಿಂದ ಒರೆಸಿಯಾಯಿತು. ಕಿಟಕಿಯ ಬೆಳಕು ಓರೆಯಾಗಿ ಬೀಳುತ್ತಿದೆಯೇ? ತಟ್ಟೆ ತಿರುಗಿಸಿದರೆ ಮಸುಕೂ ಜೊತೆಗೇ ತಿರುಗುತ್ತದೆ. ಬೆಳಕಿನದ್ದಾಗಿದ್ದರೆ ಅಲ್ಲೇ ನಿಲ್ಲಬೇಕಿತ್ತು. ಹಾಗಾದರೆ ಬೆಳೆದದ್ದೇ. ಬೆಳೆದದ್ದೇ ಆದರೆ...

(ತಡೆಯಿರಿ. ಕಥೆಯನ್ನು ಹೀಗೆ ಶುರು ಮಾಡಬಹುದೇ? ಒಬ್ಬ ಮನುಷ್ಯ ತಟ್ಟೆ ಹಿಡಿದು ಅನುಮಾನಪಡುತ್ತಿದ್ದಾನೆ ಎಂದರೆ ನೀವು ಊಟದ ತಟ್ಟೆ ಅಂದುಕೊಂಡು, ಕಲ್ಲು ಸಿಕ್ಕಿರಬೇಕು ಎಂದು ಪುಟ ತಿರುಗಿಸಿಬಿಡುತ್ತೀರಿ. ಇದು ಅಂಗೈಯಗಲದ ಗಾಜಿನ ತಟ್ಟೆ. ಒಳಗೆ ನೀಲಿ ಬಣ್ಣದ ಜೆಲ್ಲಿ. ಅದರ ಮೇಲೆ ರೋಗಿಯೊಬ್ಬರ ಗಂಟಲಿನಿಂದ ತೆಗೆದ ಯೀಸ್ಟನ್ನು ತೆಳ್ಳಗೆ ಸವರಿದೆ. ನಡುವೆ ಅಂಗಿಯ ಗುಂಡಿಗಿಂತ ಚಿಕ್ಕದಾದ ಬಿಳಿ ಕಾಗದದ ಬಿಲ್ಲೆ. ಅದಕ್ಕೆ ಔಷಧಿ ಹೀರಿಸಿದೆ. ಯೀಸ್ಟ್ ಔಷಧಿಗೆ ಬಗ್ಗಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಒಂದು ಖಾಲಿ ಉಂಗುರ ಉಳಿಯುತ್ತದೆ. ಬಗ್ಗದಿದ್ದರೆ ಉಂಗುರವೇ ಇಲ್ಲ. ಇವನ ಕೈಯಲ್ಲಿರುವ ತಟ್ಟೆಯಲ್ಲಿ ಉಂಗುರವೇನೋ ಇದೆ. ಆದರೆ ಅದರೊಳಗೆಲ್ಲ, ಕನ್ನಡಿಯ ಮೇಲೆ ಯಾರೋ ಉಸಿರು ಬಿಟ್ಟ ಹಾಗೆ, ತೆಳ್ಳನೆಯ ಮಸುಕು.)

೧ (ಇನ್ನೊಂದು ಪ್ರಯತ್ನ)

"ನಾನು ಯೀಸ್ಟ್. ಬ್ರೆಡ್ಡು ಉಬ್ಬಿಸುವ ನನ್ನ ದೂರದ ನೆಂಟರು ನಿಮಗೆ ಗೊತ್ತು. ನಾನು ನಿಮ್ಮ ಬಾಯಲ್ಲೇ ಇದ್ದರೂ ನಿಮಗೆ ಗೊತ್ತಿಲ್ಲ. ನಿಮ್ಮ ರಕ್ತದಲ್ಲಿ ಸಕ್ಕರೆ ಏರಲಿ, ಮೈಯ ಕಾವಲು ಸಡಿಲವಾಗಲಿ ಎಂದು ಕಾದು ಕೂತಿರುತ್ತೇನೆ. ಆಮೇಲೆ ಕಿಣ್ವಗಳನ್ನು ಹೊರಗೆ ಬಿಡುತ್ತೇನೆ. ಕಿಣ್ವಗಳೆಂದರೆ ನನ್ನ ಕತ್ತರಿಗಳು. ಒಂದು ನಿಮ್ಮ ಜೀವಕೋಶದ ಕೊಬ್ಬಿನ ಪೊರೆ ಕತ್ತರಿಸುತ್ತದೆ, ಇನ್ನೊಂದು ಪ್ರೋಟೀನು ಕತ್ತರಿಸುತ್ತದೆ. ಔಷಧಿ ಕೊಟ್ಟಿರೋ, ಪಂಪು ಹಚ್ಚಿ ಹೊರಗೆ ಚೆಲ್ಲುತ್ತೇನೆ. ಹ್ಹಹ್ಹಹ್ಹಾ!"

(ಬಿಟ್ಟೆ. ಆ ನಗು ಬರೆದ ಕೂಡಲೇ ಶಾಲೆಯ ನಾಟಕದಲ್ಲಿ ರಟ್ಟಿನ ಕಿರೀಟ ಹಾಕಿಕೊಂಡು ಬಂದ ರಾಕ್ಷಸನ ನೆನಪಾಯಿತು. ಯೀಸ್ಟ್ ನಗುವುದಿಲ್ಲ. ಅದಕ್ಕೆ ನಮ್ಮ ಮೇಲೆ ಹಗೆಯೂ ಇಲ್ಲ, ಅದರ ಪಾಡಿಗೆ ಅದು ಹೊಟ್ಟೆ ಹೊರೆದುಕೊಳ್ಳುತ್ತದೆ. ಕತ್ತರಿಯ ಮಾತೊಂದನ್ನು ಉಳಿಸಿಕೊಳ್ಳಿ, ಉಳಿದದ್ದನ್ನು ಮರೆತುಬಿಡಿ.)

೨

ತಟ್ಟೆ ಹಿಡಿದು ನಿಂತವನು ಗುಮ್ಮಣ್ಣ. ಸರ್ಟಿಫಿಕೇಟಿನಲ್ಲಿ ಬೇರೆ ಹೆಸರಿದೆ, ಆದರೆ ಆ ಹೆಸರಿನಿಂದ ಅವನನ್ನು ಕರೆಯುವವರು ಇಲ್ಲ. ಗುಮ್ಮಣ್ಣ ಎಂದು ಕರೆದವಳು ಅವನ ಚಿಕ್ಕಮ್ಮ. ತಾಯಿ ಹೋದ ಮೇಲೆ ಇವನನ್ನು ತನ್ನ ಮನೆಗೆ ಕರೆತಂದ ದಿನ, ಹುಡುಗ ಬಾಗಿಲ ಸಂದಿಯಲ್ಲಿ ನಿಂತು ಪಿಟ್ಟೆನ್ನದೆ ನೋಡುತ್ತಿದ್ದನಂತೆ. "ಇದೇನೇ ಇದು, ಗುಮ್ಮ ಬಂದ ಹಾಗೆ ಬಂದು ನಿಂತಿದೆ!" ಅಂದಳಂತೆ. ಅಲ್ಲಿಂದ ಶುರು. ಈಗ ಅವನು ಗಡ್ಡ ಬಿಟ್ಟ ಗುಮ್ಮಣ್ಣ, ದೊಡ್ಡ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಗುಮ್ಮಣ್ಣ. ಮಾತು ಮಾತ್ರ ಆಗಿನಷ್ಟೇ ಕಡಿಮೆ.

ಅವನಿಗೆ ಲ್ಯಾಬ್ ಹಿಡಿಸಿದ್ದೂ ಅದಕ್ಕೇ. ಯೀಸ್ಟ್ ಏನೂ ಕೇಳುವುದಿಲ್ಲ. ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಪೆಟ್ಟಿಗೆಯಲ್ಲಿ ತಟ್ಟೆಗಳನ್ನು ತಲೆಕೆಳಗಾಗಿಟ್ಟು ಬಾಗಿಲು ಹಾಕಿದರೆ, ಒಳಗೆ ಸದ್ದಿಲ್ಲದೆ ಏನೋ ನಡೆಯುತ್ತಿರುತ್ತದೆ. ಏನೂ ಹೇಳದೆ ನಡೆಯುವ ಕೆಲಸಗಳ ಮೇಲೆ ಅವನಿಗೆ ಒಂದು ತರಹದ ಗೌರವ.

ಪ್ರತಿ ರೋಗಿಯ ಯೀಸ್ಟಿಗೂ ಅವನು ಎರಡು ತಟ್ಟೆ ಇಡುತ್ತಾನೆ. ಒಂದು ಈಗ ನೋಡಿದಿರಲ್ಲ, ಆ ನೀಲಿ ತಟ್ಟೆ. ಇನ್ನೊಂದರಲ್ಲಿ ಮೊಟ್ಟೆಯ ಹಳದಿ ಬೆರೆಸಿದ ಜೆಲ್ಲಿ. ಯೀಸ್ಟಿನ ಕತ್ತರಿ ಹರಿತವಾಗಿದ್ದರೆ ಅದು ಹಳದಿಯ ಕೊಬ್ಬನ್ನು ಕತ್ತರಿಸಿ ತನ್ನ ಸುತ್ತ ಬೆಳ್ಳನೆಯ ಉಂಗುರ ಬಿಡುತ್ತದೆ. ಹಳದಿ ತಟ್ಟೆಯಲ್ಲಿ ಉಂಗುರ ಅಗಲವಾದಷ್ಟೂ ಯೀಸ್ಟ್ ಕೆಟ್ಟದ್ದು. ನೀಲಿ ತಟ್ಟೆಯಲ್ಲಿ ಉಂಗುರ ಅಗಲವಾದಷ್ಟೂ ನಮಗೆ ಒಳ್ಳೆಯದು. ಕತ್ತರಿ ಹರಿತವಿದ್ದ ಯೀಸ್ಟೇ ಔಷಧಿಗೂ ಬಗ್ಗುವುದಿಲ್ಲ ಎಂಬುದು ಗುಮ್ಮಣ್ಣನ ಥೀಸಿಸ್. ಕೆಡುಕೂ ಹಠವೂ ಜೋಡಿಯಾಗಿಯೇ ಇರುತ್ತವೆ ಎಂದು. ಒಂದು ಉಂಗುರ ಅಗಲವಾದಂತೆ ಇನ್ನೊಂದು ಕಿರಿದಾಗುತ್ತ ಗ್ರಾಫ್ ಚೆಂದವಾಗಿ ಇಳಿಯುತ್ತಿತ್ತು. ಒಂದೇ ಒಂದು ಕೊರತೆಯೆಂದರೆ ತುದಿಯಲ್ಲಿ ಕೂರಿಸಲು ಒಂದು ಭರ್ಜರಿ ಯೀಸ್ಟ್ ಬೇಕಿತ್ತು. ಕೆಡುಕಿನಲ್ಲೂ ಹಠದಲ್ಲೂ ಎಲ್ಲರನ್ನೂ ಮೀರಿಸುವಂಥದ್ದು.

ಸಿಕ್ಕಿತು. ಚಿಕ್ಕಮ್ಮನ ಗಂಟಲಿನಲ್ಲಿ.

೪

(ಮೂರನ್ನು ಬರೆದಿದ್ದೆ. ಅದರಲ್ಲಿ ಚಿಕ್ಕಮ್ಮ ಹಾಸಿಗೆ ಹಿಡಿದು, ಕಿಟಕಿಯಾಚೆ ನೋಡುತ್ತ, ಬಾಳೆಂದರೇನು ಎಂದು ಯೋಚಿಸುತ್ತಿದ್ದಳು. ಅವಳೇ ಬಂದು ಹರಿದು ಹಾಕಿದಳು. "ನಾನು ಯಾವತ್ತಯ್ಯಾ ಕಿಟಕಿಯಾಚೆ ನೋಡ್ದೆ? ಅಷ್ಟು ಪುರುಸೊತ್ತು ಯಾರಿಗಿದೆ?")

ಚಿಕ್ಕಮ್ಮನದು ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ. ಮಾತು ಅವಳಿಗೆ ಉಸಿರಿನಷ್ಟೇ ಸಲೀಸು. ದಾರ ತುಂಡಾದರೆ ದಾರವನ್ನು ಬೈಯುತ್ತಾಳೆ, ಸೂಜಿ ಕಾಣದಿದ್ದರೆ ಸೂಜಿಯ ವಂಶವನ್ನೇ ಜಾಲಾಡುತ್ತಾಳೆ. ಗಿರಾಕಿ ಎದ್ದು ಹೋದ ಮೇಲೂ ಅವರ ಅರ್ಧ ಹೊಲಿದ ಅಂಗಿಯೊಂದಿಗೆ ಮಾತು ಮುಂದುವರಿಯುತ್ತದೆ. ಒಳಗಿನ ಕೋಣೆಯಲ್ಲಿ ಓದುತ್ತ ಬೆಳೆದ ಗುಮ್ಮಣ್ಣ ಇದನ್ನು ಸಹಿಸಿಕೊಂಡೇ ಡಿಗ್ರಿ ಮುಗಿಸಿದ. ಕಿವಿಗೆ ಹತ್ತಿ ಇಟ್ಟುಕೊಂಡು ಓದಿದ ದಿನಗಳೂ ಉಂಟು. ಯಾವತ್ತಾದರೂ ಈ ಮನೆ ತಣ್ಣಗಿರುವುದೇ ಎಂದು ಹಂಬಲಿಸಿದ್ದೂ ಉಂಟು.

ಈಗ ತಣ್ಣಗಿದೆ. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಹಿಂದೆ ಬಾಯಲ್ಲಿ ಬಿಳಿ ಪದರ ಕಟ್ಟಿದಾಗಲೆಲ್ಲ ಮೆಡಿಕಲ್ ಶಾಪಿಗೆ ಹೋಗಿ, "ಆವತ್ತು ಕೊಟ್ಟೆಯಲ್ಲಪ್ಪಾ, ಅದೇ ಮಾತ್ರೆ" ಎಂದು ಕೇಳಿ ತಂದು, ಸ್ವಲ್ಪ ವಾಸಿಯಾದ ಕೂಡಲೇ ಅರ್ಧಕ್ಕೆ ಬಿಡುತ್ತಿದ್ದಳು. ಈ ಸಲ ಪದರ ಗಂಟಲಿಗಿಳಿದು ಧ್ವನಿಪೆಟ್ಟಿಗೆಯವರೆಗೆ ಹೋಗಿದೆ. ನುಂಗಿದರೆ ನೋವು, ಮಾತಾಡಿದರೆ ಉರಿ. ದನಿಯೇ ಏಳುವುದಿಲ್ಲ.

ಡಾಕ್ಟರು ಹೇಳಿದ್ದು ಇಷ್ಟು: "ಅರ್ಧಂಬರ್ಧ ಮಾತ್ರೆ ತಗೊಂಡು ತಗೊಂಡು ಯೀಸ್ಟಿಗೆ ಅಭ್ಯಾಸ ಆಗಿಹೋಗಿರಬಹುದು. ಲ್ಯಾಬ್ ರಿಪೋರ್ಟ್ ಬರಲಿ. ಆ ಮಾತ್ರೆಗೆ ಬಗ್ಗುತ್ತೆ ಅಂದ್ರೆ ಸರಿಯಾಗಿ ಪೂರ್ತಿ ಕೋರ್ಸ್ ಕೊಡೋಣ. ಬಗ್ಗಲ್ಲ ಅಂದ್ರೆ ಅಡ್ಮಿಟ್ ಮಾಡಿ ಡ್ರಿಪ್ಪಲ್ಲಿ ಬೇರೆ ಔಷಧಿ ಹಾಕಬೇಕು. ಅದು ಕಿಡ್ನಿಗೆ ಒಳ್ಳೇದಲ್ಲ. ನಿಮ್ಮದು ಈಗಾಗಲೇ ಸುಸ್ತಾಗಿದೆ." (ಇನ್ನೂ ಸೌಮ್ಯವಾದ ಔಷಧಿ ಇಲ್ಲವೇ ಎಂದು ಕೇಳಬಹುದು ನೀವು. ಇದೆ. ಆ ಆಸ್ಪತ್ರೆಗೆ ಇನ್ನೂ ಬಂದಿಲ್ಲ.)

ಲ್ಯಾಬ್ ಎಂದರೆ ಗುಮ್ಮಣ್ಣ.

೫

ಇಲ್ಲಿಯವರೆಗಿನ ನನ್ನ ಪ್ಲಾನ್ ಏನಿತ್ತೆಂದು ಮುಚ್ಚಿಡುವುದಿಲ್ಲ. ಮಸುಕು ನಿಜವಾಗಿಯೂ ಹಠಮಾರಿ ಯೀಸ್ಟಿನದೇ ಆಗಬೇಕು. ಥೀಸಿಸ್ ಗೆಲ್ಲಬೇಕು, ಚಿಕ್ಕಮ್ಮ ಸೋಲಬೇಕು, ಗುಮ್ಮಣ್ಣ ಪದವಿಯ ಗೌನು ಹಾಕಿಕೊಂಡು ಖಾಲಿ ಹೊಲಿಗೆ ಮೆಷಿನ್ನಿನ ಮುಂದೆ ನಿಲ್ಲಬೇಕು. ಇದನ್ನು ಓದಿ ನೀವು ನಿಟ್ಟುಸಿರು ಬಿಡಬೇಕು.

ಚಿಕ್ಕಮ್ಮನಿಗೆ ಇದು ಹೇಗೋ ಗೊತ್ತಾಗಿಹೋಯಿತು. ದನಿಯಿಲ್ಲವಲ್ಲ, ಕೋಟಿನ ಒಳಗೆ ಕೊಡುವ ಕರಿ ಅಸ್ತರ್ ಬಟ್ಟೆಯ ತುಂಡೊಂದನ್ನು ಮೇಜಿನ ಮೇಲೆ ಹರಡಿ, ಗುರುತು ಹಾಕುವ ಸೀಮೆಸುಣ್ಣದಿಂದ ಬರೆದಳು:

"ಯಾರಯ್ಯಾ ನೀನು?"

"ಕಥೆ ಬರೆಯೋನಮ್ಮ."

"ಪ್ಯಾಂಟ್ ಕಿರಿದು ಮಾಡಿಸೋದಿದೆಯಾ?"

"ಇಲ್ಲಮ್ಮ."

"ಮತ್ಯಾಕೆ ಬಂದೆ?" ಒರೆಸಿದಳು. ಮತ್ತೆ ಬರೆದಳು. "ನಾನು ಸತ್ರೆ ಕಥೆ ಚೆನ್ನಾಗಿ ಕೂರುತ್ತಾ?"

"ಸಾಯೋದೇನೂ ಬೇಡ. ಸ್ವಲ್ಪ ಸೀರಿಯಸ್ ಆದ್ರೆ ಸಾಕು."

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬಟ್ಟೆ ತಿರುಗಿಸಿ ಹಿಂಬದಿಯಲ್ಲಿ ಬರೆದಳು: "ಅಳತೆ ತಗೊಳ್ದೆ ಕತ್ತರಿ ಹಾಕ್ತಿದ್ದೀಯ. ಹೋಗು, ಮೊದಲು ಅಳತೆ ತಗೊಂಡು ಬಾ."

ಗುಮ್ಮಣ್ಣನ ಬಳಿಗೆ ಹೋದೆ, ಅವನಾದರೂ ನನ್ನ ಪರವಾಗಿ ಮಾತಾಡಬಹುದೆಂದು. (ಯಾರ ಹತ್ತಿರ ಏನು ಕೇಳಲು ಹೋದೆ ನೋಡಿ!)

೬

ಲ್ಯಾಬಿನಲ್ಲಿ ಅವನು ಇನ್ನೂ ಅದೇ ತಟ್ಟೆ ಹಿಡಿದು ನಿಂತಿದ್ದ. ಪಕ್ಕದಲ್ಲಿ ಹಳದಿ ತಟ್ಟೆ. ಅದರಲ್ಲಿನ ಬಿಳಿ ಉಂಗುರ ಅವನು ಇಷ್ಟು ವರ್ಷ ನೋಡಿದ ಉಂಗುರಗಳಲ್ಲೆಲ್ಲ ಅಗಲವಾದದ್ದು. ನೀಲಿಯಲ್ಲಿ ಮಸುಕು. ಎರಡೂ ಸೇರಿದರೆ ಗ್ರಾಫಿನ ತುದಿಗೆ ಬೇಕಿದ್ದ ಚುಕ್ಕೆ ಸಿಕ್ಕ ಹಾಗೆಯೇ.

ಫೋನು ಬಂತು. ಡಾಕ್ಟರು. "ಏನಾಯ್ತಪ್ಪಾ ನಿಮ್ಮ ಚಿಕ್ಕಮ್ಮಂದು? ಬೆಡ್ ಹಿಡಿದಿಟ್ಟಿದ್ದೀನಿ, ಬೇರೆಯವರು ಕೇಳ್ತಿದ್ದಾರೆ."

"ಹೇಳ್ತೀನಿ ಸರ್."

"ಬಗ್ಗಲ್ಲ ಅಂತ ಕಾಣುತ್ತಾ?"

"ಹಂಗೇ ಕಾಣ್ತಿದೆ ಸರ್. ಮೇಡಂಗೆ ಒಂದ್ಸಲ ತೋರಿಸಿ ಹೇಳ್ತೀನಿ."

ಗೈಡ್ ಮೇಡಂ ತಟ್ಟೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಕುರ್ಚಿಯಲ್ಲೇ ಕೂತು, ಕತ್ತು ಚಾಚಿ ನೋಡಿದರು. ತಿಂಡಿ ಡಬ್ಬಿ ಅರ್ಧ ತೆರೆದಿತ್ತು.

"ಯಾವಾಗ ಇಟ್ಟೆ ಇದನ್ನ?"

"ಮೊನ್ನೆ."

"ನಿನ್ನೆ ನೋಡಿದಾಗ ಹೆಂಗಿತ್ತು?"

ಗುಮ್ಮಣ್ಣ ನೆಲ ನೋಡಿದ.

"ನಿನ್ನೆ ನೋಡಿಲ್ವಾ?"

ನೆಲದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಆದರೂ ನೋಡಿದ.

"ಏ ಮಾರಾಯ! ಪ್ರತಿ ವರ್ಷ ಹೊಸ ಹುಡುಗರಿಗೆ ಪಾಠ ಮಾಡೋನು ನೀನೇ ಅಲ್ವೇನೋ? ಈ ಔಷಧಿ ಯೀಸ್ಟನ್ನ ಸಾಯಿಸಲ್ಲ, ಬೆಳೆಯೋದನ್ನ ತಡೆಯುತ್ತೆ ಅಷ್ಟೇ. ಒಂದು ದಿನಕ್ಕೇ ಓದಬೇಕು, ಎರಡನೇ ದಿನಕ್ಕೆ ಬಿಟ್ರೆ ತೆವಳಿಕೊಂಡು ಮಸುಕು ಬರುತ್ತೆ, ಅದನ್ನ ನೋಡಿ ಮೋಸ ಹೋಗ್ಬೇಡಿ ಅಂತ ನೀನೇ ತಾನೇ ಅವರ ತಲೆ ತಿನ್ನೋದು?"

ಹೌದು. ಅವನೇ. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿ ತೋರಿಸುತ್ತಿದ್ದ. ಅಷ್ಟೂ ಗೊತ್ತಿದ್ದವನು ನಿನ್ನೆ ಇನ್‌ಕ್ಯುಬೇಟರಿನ ಮುಂದೆ ಬಂದು, ಹಿಡಿಗೆ ಕೈ ಹಾಕಿ, ಆಮೇಲೆ ಕೈ ತೆಗೆದು ಕ್ಯಾಂಟೀನಿಗೆ ಹೋಗಿ ತಣ್ಣಗಾದ ಟೀ ಕುಡಿದು ಬಂದಿದ್ದ. ಇನ್ನೊಂದು ಪೆಟ್ಟಿಗೆಯಲ್ಲಿದ್ದ ಬೇರೆಯವರ ತಟ್ಟೆಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಓದಿದ. ಇದೊಂದನ್ನು ಮಾತ್ರ ಇನ್ನೊಂದು ದಿನ ಇರಲಿ ಎಂದು ಬಿಟ್ಟ.

"ಹಂಗಂತ ಇದು ಬರೀ ಮಸುಕೇ ಅಂತಾನೂ ನಾನು ಹೇಳಲ್ಲ," ಎಂದರು ಮೇಡಂ. "ನಿಜವಾಗ್ಲೂ ಹಠ ಹಿಡಿದಿರೋ ಯೀಸ್ಟೇ ಇರಬಹುದು. ಈ ತಟ್ಟೆ ಇನ್ನು ಏನೂ ಹೇಳಲ್ಲ. ಅದರ ಹೊತ್ತು ಮೀರಿತು."

ಇಲ್ಲಿ ನಾನು ನಡುವೆ ಬಾಯಿ ಹಾಕಿದೆ. ಕಿವಿಯಲ್ಲಿ ಮೆತ್ತಗೆ ಹೇಳಿದೆ: ಗುಮ್ಮಣ್ಣ, ಯೋಚನೆ ಮಾಡು. ಡಾಕ್ಟರಿಗೆ ಅರ್ಧ ಹೇಳಿಯೇ ಬಿಟ್ಟಿದ್ದೀಯ. ಗ್ರಾಫಿಗೆ ಇಂಥ ಚುಕ್ಕೆ ಮತ್ತೆ ಸಿಗುವುದಿಲ್ಲ. ನಿನ್ನ ಥೀಸಿಸೂ ಗಟ್ಟಿಯಾಗುತ್ತದೆ, ನನ್ನ ಕಥೆಯೂ ಗಟ್ಟಿಯಾಗುತ್ತದೆ. ಬಗ್ಗುವುದಿಲ್ಲ ಎಂದು ರಿಪೋರ್ಟಿನಲ್ಲಿ ಬರೆದುಬಿಡು ಸಾಕು.

ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಟ್ಟೆಯನ್ನು ಎಸೆಯುವ ಬಕೆಟ್ಟಿಗೆ ಹಾಕಿದ. ಈ ಇಡೀ ಕಥೆಯಲ್ಲಿ ಯಾರೂ ಕೇಳದೆ ಅವನು ತಾನಾಗಿ ಆಡಿದ ಮಾತು ಒಂದೇ, ಅದನ್ನು ಆಡಿದ್ದು ಇಲ್ಲಿ:

"ಇನ್ನೊಂದ್ಸಲ ಇಡ್ತೀನಿ ಮೇಡಂ. ಡಾಕ್ಟರಿಗೆ ನಾಳೆವರೆಗೂ ಕಾಯೋಕೆ ನಾನೇ ಹೇಳ್ತೀನಿ."

೭

ಮಾರನೆಯ ಬೆಳಗ್ಗೆ. ಇನ್‌ಕ್ಯುಬೇಟರಿನ ಮುಂದೆ ಗುಮ್ಮಣ್ಣ. ಇಲ್ಲಿ ಓದುಗರಿಗೆ ಆಯ್ಕೆ ಕೊಡುವುದು ಈ ತರಹದ ಕಥೆಗಳ ವಾಡಿಕೆ. ಅ) ಉಂಗುರವೇ ಇಲ್ಲ. ಆ) ಉಂಗುರ ಇದೆ, ಮಸುಕೂ ಇದೆ, ಅಂದರೆ ನಾವೆಲ್ಲ ಮತ್ತೆ ಮೊದಲಿನ ಸಾಲಿಗೆ. ಇ) ಕರೆಂಟು ಹೋಗಿ ಪೆಟ್ಟಿಗೆ ತಣ್ಣಗಾಗಿ ಏನೂ ಬೆಳೆದೇ ಇಲ್ಲ, ಏನೂ ತಿಳಿಯುವುದೇ ಇಲ್ಲ. ಕೊನೆಯದು ನನಗೆ ಬಹಳ ಇಷ್ಟವಾಗಿತ್ತು. ಅದರಲ್ಲಿ ಒಂದು ತೂಕ ಇದೆ, ವಿಮರ್ಶಕರು ಮೆಚ್ಚುತ್ತಾರೆ. ನೀವು ನಿಧಾನವಾಗಿ...

ಅವನು ಬಾಗಿಲು ತೆಗೆದುಬಿಟ್ಟ.

ಅಯ್ಯೋ, ಒಂದು ನಿಮಿಷ ಕಾಯಬಾರದಿತ್ತೇನೋ!

ತಟ್ಟೆ ಎತ್ತಿ ಕಿಟಕಿಗೆ ಹಿಡಿದ. ನೀಲಿಯ ನಡುವೆ ಉಂಗುರ. ಖಾಲಿ. ಒಂದು ಚುಕ್ಕೆ ಇಲ್ಲ, ಉಸಿರಿನಷ್ಟೂ ಮಸುಕಿಲ್ಲ. ಆಚೆ ಕಟ್ಟಡದ ನೀರಿನ ಟ್ಯಾಂಕು ಆ ಉಂಗುರದ ಮೂಲಕ ನೀಲಿಯಾಗಿ ಕಾಣಿಸುತ್ತಿತ್ತು. ಅವನು ಅಳತೆಪಟ್ಟಿ ಇಟ್ಟು ಅಳೆದ. ಇನ್ನೊಮ್ಮೆ ಅಳೆದ. ನಂಬಿಕೆ ಬಾರದೆ ಅಳತೆಪಟ್ಟಿಯನ್ನೇ ತಿರುಗಿಸಿ ಇನ್ನೊಂದು ತುದಿಯಿಂದ ಅಳೆದ.

ಮೇಡಂ ಬಂದರು, ಹೆಗಲ ಮೇಲಿನಿಂದ ಇಣುಕಿದರು. "ಆಹಾ! ಅಗಲಕ್ಕೆ ಬಿಟ್ಟುಕೊಟ್ಟಿದೆಯಲ್ಲೋ. ಮಾತ್ರೆ ಸಾಕು." ಆಮೇಲೆ ಹಳದಿ ತಟ್ಟೆಯತ್ತ ಕಣ್ಣು ಹೋಯಿತು. "ಅದು ಹಂಗೇ ಇದೆಯಾ?"

"ಹಂಗೇ ಇದೆ ಮೇಡಂ. ಎಲ್ಲದಕ್ಕಿಂತ ಅಗಲ."

"ಅಂದ್ರೆ ಕತ್ತರಿ ಹರಿತ, ಹಠ ಮಾತ್ರ ಇಲ್ಲ. ನಿನ್ನ ಗ್ರಾಫ್ ಹೋಯ್ತಲ್ಲೋ!"

"ಹೋಯ್ತು ಮೇಡಂ."

"ಎರಡೂ ಜೊತೆಗೇ ಇರ್ತವೆ ಅಂತ ಬರೆದಿಟ್ಟಿದ್ದೀಯಲ್ಲ ಮೂರನೇ ಅಧ್ಯಾಯ?"

"ಅದೂ ಹೋಯ್ತು ಮೇಡಂ."

ಹೇಳುತ್ತ ಹೇಳುತ್ತ ಅವನು ನಗತೊಡಗಿದ. ಮೊದಲು ಮೂಗಿನಲ್ಲಿ, ಆಮೇಲೆ ಹೆಗಲು ಕುಣಿಸುತ್ತ, ಕೊನೆಗೆ ಮೇಜು ಹಿಡಿದುಕೊಂಡು. ಪಕ್ಕದ ಕೋಣೆಯವರು ಏನೋ ಒಡೆಯಿತೆಂದು ಓಡಿ ಬಂದರು. ಅವನು ನಕ್ಕದ್ದನ್ನು ಅವರು ಯಾರೂ ಅದುವರೆಗೆ ನೋಡಿರಲಿಲ್ಲ.

"ಥೀಸಿಸ್ ಬಿದ್ದುಹೋಗಿದ್ದಕ್ಕೆ ಹೀಗೆ ನಗೋನನ್ನ ನಾನು ಇದೇ ಮೊದಲು ನೋಡ್ತಿರೋದು," ಎಂದರು ಮೇಡಂ, ಅಲ್ಲಿದ್ದವರಿಗೆಲ್ಲ. ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ.

(ಒಪ್ಪಿಕೊಳ್ಳಬೇಕು, ನನಗೂ. ಖಾಲಿ ಹೊಲಿಗೆ ಮೆಷಿನ್ನಿನ ಪುಟವನ್ನು ಹರಿದು ಹಾಕುವಾಗ ಹೊಟ್ಟೆ ಉರಿಯಬೇಕಿತ್ತು. ಉರಿಯಲಿಲ್ಲ.)

೮

ಮಾತ್ರೆ ಶುರುವಾಯಿತು. ಚಿಕ್ಕಮ್ಮ ಅರ್ಧಕ್ಕೆ ಬಿಡದ ಹಾಗೆ ಗುಮ್ಮಣ್ಣ ದಿನವೂ ಎದುರಿಗೆ ನಿಂತು ನುಂಗಿಸಿದ. ಅವಳು ಕರಿ ಬಟ್ಟೆಯ ಮೇಲೆ "ಪೊಲೀಸ್" ಎಂದು ಬರೆದು ಅವನ ಬೆನ್ನಿಗೆ ಗುಂಡುಸೂಜಿಯಿಂದ ಚುಚ್ಚಿದಳು. ಅವನು ಅದನ್ನು ನೋಡಿಕೊಳ್ಳದೆ ಅಂಗಡಿಬೀದಿಗೆ ಹೋಗಿ ಬಂದ.

ಗಂಟಲಿನ ಬಿಳುಪು ಕರಗುತ್ತ ಬಂತು. ಈಗ ದನಿ ಮರಳಬೇಕು. ಮರಳಿದಾಗ ಅವಳು ಮೊದಲು ಆಡಬೇಕಾದ ಮಾತನ್ನು ನಾನು ಬಹಳ ತಾಳ್ಮೆಯಿಂದ ಸಿದ್ಧಮಾಡಿಟ್ಟಿದ್ದೆ.

ಮೊದಲ ಆವೃತ್ತಿ: ಸಂಜೆಯ ಬೆಳಕಿನಲ್ಲಿ ಅವಳು ಅವನ ತಲೆ ಸವರಿ, "ಮಗಾ" ಎನ್ನುತ್ತಾಳೆ. ಅವನ ಕಣ್ಣು ಒದ್ದೆಯಾಗುತ್ತದೆ. (ಚಿಕ್ಕಮ್ಮ: "ಥೂ.")

ಎರಡನೆಯ ಆವೃತ್ತಿ: ದನಿ ಮರಳಿದೆ, ಆದರೆ ಮೌನದ ರುಚಿ ಹತ್ತಿದ ಅವಳು ಇನ್ನು ಮೇಲೆ ಕಡಿಮೆ ಮಾತಾಡಲು ತೀರ್ಮಾನಿಸುತ್ತಾಳೆ. (ಇದನ್ನು ಓದಿ ಅವಳು ಬಿದ್ದು ಬಿದ್ದು ನಕ್ಕಳು, ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು.)

ನಡೆದದ್ದು: ಗುಮ್ಮಣ್ಣ ಒಳಗಿನ ಕೋಣೆಯಲ್ಲಿ ಮೂರನೇ ಅಧ್ಯಾಯವನ್ನು ಹೊಸದಾಗಿ ಬರೆಯುತ್ತಿದ್ದ. ಕೆಡುಕೂ ಹಠವೂ ಜೋಡಿಯಾಗಿ ಇರಲೇಬೇಕೆಂದಿಲ್ಲ ಎಂಬ ಸಾಲಿನ ಹತ್ತಿರ ಪೆನ್ನು ನಿಂತಿತ್ತು. ಮುಂದಿನ ಕೋಣೆಗೆ ಗಿರಾಕಿಯೊಬ್ಬರು ಬಂದು, ಹೋದ ಸಲ ಹೊಲಿದ ಅಂಗಿಯ ತೋಳು ಬಿಗಿಯಾಗಿದೆ, ಕೆಲಸ ಮೊದಲಿನ ಹಾಗಿಲ್ಲ ಎಂದು ದೂರು ಹೇಳುತ್ತಿದ್ದರು. ಸೀಮೆಸುಣ್ಣ ಮೇಜಿಗೆ ಬಿದ್ದ ಸದ್ದು. ಆಮೇಲೆ ತುಕ್ಕು ಹಿಡಿದ ಕೀಲಿನ ಹಾಗೆ ಒಂದು ದನಿ:

"ನನ್ನ ಹೊಲಿಗೆ ಬಿಗಿಯಾಗಿಲ್ಲ ಕಣ್ರೀ, ನಿಮ್ಮ ತೋಳು ಊದಿದೆ!"

ನಂತರ ತೂಬು ತೆಗೆದ ಹಾಗೆ ಶುರುವಾಯಿತು. ತೋಳಿನಿಂದ ಗಿರಾಕಿಯ ತಿಂಡಿಗೆ, ತಿಂಡಿಯಿಂದ ಅವರ ಅತ್ತಿಗೆಗೆ, ಅತ್ತಿಗೆಯಿಂದ ಕಳೆದ ವರ್ಷದ ಒಂದು ಬಟನ್ನಿಗೆ. ನಡುವೆ ಕೆಮ್ಮು, ನೀರು, ಮತ್ತೆ ಮಾತು. ನಡುವೆ ನನಗೂ ಒಂದು ಪಾಲು: "ಆ ಕಥೆ ಬರೆಯೋನು ಇನ್ನೂ ಇಲ್ಲೇ ಇದ್ದಾನಾ? ಕೂರೋಕೆ ಹೇಳಿ, ಅವನಿಗೂ ಇದೆ!"

ಒಳಗಿನ ಕೋಣೆಯಲ್ಲಿ ಗುಮ್ಮಣ್ಣ ಎದ್ದು, ಅರ್ಧ ಹಾಕಿದ್ದ ಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದು ಕೂತ. ಆ ಗದ್ದಲದಲ್ಲಿ ಒಂದು ಸಾಲೂ ಬರೆಯಲಾಗಲಿಲ್ಲ. ಆದರೂ ಪೆನ್ನು ಹಿಡಿದು ಕೂತೇ ಇದ್ದ.

೯

ಇಲ್ಲಿಗೆ ಮುಗಿಯಿತೇ ಎಂದರೆ, ಇಲ್ಲ. ಮುಗಿಸಲು ನನಗೆ ಒಪ್ಪಿಗೆ ಸಿಕ್ಕಿಲ್ಲ. ಯೀಸ್ಟ್ ಎಲ್ಲಿಗೂ ಹೋಗಿಲ್ಲ, ಅವಳ ಬಾಯಲ್ಲೂ ನಿಮ್ಮ ಬಾಯಲ್ಲೂ ಅದರ ಪಾಡಿಗೆ ಅದು ಇದೆ. ಥೀಸಿಸ್ಸಿಗೆ ಹೊಸ ಹೆಸರು ಸಿಕ್ಕಿಲ್ಲ. ಚಿಕ್ಕಮ್ಮ ಮುಂದಿನ ಸಲ ಡಾಕ್ಟರ ಹತ್ತಿರ ಹೋಗುತ್ತಾಳೋ ಮೆಡಿಕಲ್ ಶಾಪಿಗೋ, ಅವಳನ್ನು ಬಲ್ಲ ಯಾರೂ ಆಣೆ ಮಾಡಲಾರರು. ಆ ಗಿರಾಕಿಯ ತೋಳಿನ ವಿಷಯವೂ ಇತ್ಯರ್ಥವಾಗಿಲ್ಲ. ಇನ್ನೂ ನಡೆಯುತ್ತಿದೆ, ಬೇಕಾದರೆ ಬಂದು ಕೇಳಿ.

ಆವತ್ತು ಗಿರಾಕಿ ಹೋದ ಮೇಲೆ ಅವಳು ಒಳಗೆ ಬಂದು ಬಾಗಿಲಿಗೊರಗಿ ನಿಂತಳು.

"ಏನೋ ಗುಮ್ಮಣ್ಣ, ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ರು, ರಿಪೋರ್ಟ್ ಎರಡು ದಿನ ತಡ ಆಯ್ತಂತೆ. ಯಾಕೋ?"

"ಏನಿಲ್ಲ ಚಿಕ್ಕಮ್ಮ. ಇನ್ನೊಂದ್ಸಲ ನೋಡ್ಬೇಕಾಯ್ತು."

"ಅಷ್ಟೇನಾ?"

"ಅಷ್ಟೇ."

"ಇದಕ್ಕೆ ಇಷ್ಟು ಓದ್ಬೇಕಾ? ನಾನಾದ್ರೆ ಮೊದಲನೇ ಸಲಕ್ಕೇ ನೋಡಿ ಹೇಳ್ತಿದ್ದೆ," ಎಂದು ಅವಳು ಮಾತು ಮುಂದುವರಿಸಿದಳು. ಅವನು ತಲೆಯಾಡಿಸುತ್ತ ಕೇಳಿದ. ಅವಳ ದನಿ ಇನ್ನೆಂದೂ ಕೇಳಿಸುವುದಿಲ್ಲವೇನೋ ಎಂಬ ಹೆದರಿಕೆಯಲ್ಲಿ ತಟ್ಟೆ ಓದಬೇಕಿದ್ದ ದಿನ ಇನ್‌ಕ್ಯುಬೇಟರಿನ ಬಾಗಿಲು ತೆಗೆಯಲು ತನ್ನಿಂದಾಗಲಿಲ್ಲ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.